ಫೋಕಸ್ ಮೋಟಾರ್ ಹಾಕಿದ್ರೆ ಮೋಸನಾ? (ರಾತ್ರಿ ಆಕಾಶ ಸರಣಿ, ಭಾಗ 9)

ಡಿಸೆಂಬರ್ ಅಮಾವಾಸ್ಯೆಗೆ ಕೋಲಾರದ ಕಡೆ ಒಂದು ಹೊಲದಲ್ಲಿ ಟೆಲಿಸ್ಕೋಪ್ ಇಟ್ಕೊಂಡು ಕೂತಿದ್ವಿ. ಎಂಜಿನಿಯರಿಂಗ್ ಓದೋ ಹುಡುಗಿಯೊಬ್ಬಳು ತಾನೇ ಕಟ್ಟಿದ ಫೋಕಸ್ ಮೋಟಾರ್ ತಂದಿದ್ಲು. ಬಹಳ ವರ್ಷದಿಂದ ಆಕಾಶದ ಫೋಟೋ ತೆಗೆಯೋ ಹಿರಿಯರೊಬ್ಬರು ಅದನ್ನ ನೋಡಿ, "ಕೈಯಲ್ಲಿ ಫೋಕಸ್ ಮಾಡೋಕೆ ಬರದೋರು ಇಲ್ಲಿಗೆ ಯಾಕಮ್ಮ ಬರ್ತೀರಾ?" ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದಕ್ಕೇ ಈ ಭಾಗ.

ಸರ್, ನಿಮ್ಮ ಕೈಚಳಕದ ಮೇಲೆ ನನಗೆ ಗೌರವ ಇದೆ. ಬಹ್ತಿನೋವ್ ಮಾಸ್ಕ್ ಹಾಕಿ, ನಕ್ಷತ್ರದ ಮೂರು ಗೆರೆ ಸರಿಯಾಗಿ ಕೂಡೋ ಹಾಗೆ ನೀವು ಗುಂಡಿ ತಿರುಗಿಸೋದು ನೋಡೋಕೇ ಚೆಂದ. (ರಷ್ಯಾದ ಹವ್ಯಾಸಿ ಪಾವೆಲ್ ಬಹ್ತಿನೋವ್ 2005ರಲ್ಲಿ ಕೊಟ್ಟ ಉಪಾಯ. ರಟ್ಟು ಕತ್ತರಿಸಿಯೂ ಮಾಡ್ಕೋಬಹುದು.) ಆದ್ರೆ ಸಂಜೆ 7.30ರ ಫೋಕಸ್ ರಾತ್ರಿ 11ಕ್ಕೆ ಇರಲ್ಲ.

ಲೆಕ್ಕ ನೋಡಿ. 8 ಇಂಚಿನ ಎಫ್/5 ನ್ಯೂಟೋನಿಯನ್, ಫೋಕಲ್ ಲೆಂತ್ ಸುಮಾರು 1 ಮೀಟರ್. ಹಸಿರು ಬೆಳಕಿಗೆ 'ಫೋಕಸ್ ಸರಿ ಇದೆ' ಅನ್ನಬಹುದಾದ ಜಾಗದ ಒಟ್ಟು ಆಳ ಹತ್ತಿರಹತ್ತಿರ 65 ಮೈಕ್ರಾನ್. ತಲೆಕೂದಲಿನ ದಪ್ಪ ಅಷ್ಟೇ. ಅಲ್ಯೂಮಿನಿಯಂ ಕೊಳವೆ ಒಂದು ಡಿಗ್ರಿ ತಣ್ಣಗಾದ್ರೆ ಮೀಟರಿಗೆ 23 ಮೈಕ್ರಾನ್ ಕುಗ್ಗುತ್ತೆ. ಬಯಲಲ್ಲಿ 5 ಡಿಗ್ರಿ ಇಳಿದ್ರೆ 115. ಉಕ್ಕಿನ ಕೊಳವೆ ಅದರ ಅರ್ಧದಷ್ಟು ಕುಗ್ಗುತ್ತೆ ಸರಿ, ಆದ್ರೆ ನಡುವಿನಿಂದ ಆಚೆಗೊಂದು ಈಚೆಗೊಂದು 32 ಮೈಕ್ರಾನ್ ತಾನೇ ನಮಗಿರೋದು? ಆಗಲೂ ಹೊರಗೇ. ನಿಮ್ಮ ಕೈ ಎಷ್ಟು ಪಳಗಿದ್ರೂ ಲೋಹ ಅದನ್ನ ಕೇಳಲ್ಲ ಸರ್.

ಮೋಟಾರ್ ಮಾಡೋದಾದ್ರೂ ಏನು? ಫೋಕಸರನ್ನ ಸ್ವಲ್ಪ ಸ್ವಲ್ಪ ಸರಿಸಿ, ನಿಂತಲ್ಲೆಲ್ಲ ಒಂದು ಫೋಟೋ. ಸಾಫ್ಟ್‌ವೇರ್ ಪ್ರತಿ ಫೋಟೋದಲ್ಲೂ ನಕ್ಷತ್ರಗಳ ಗಾತ್ರ ಅಳೆದು ಗ್ರಾಫ್ ಹಾಕುತ್ತೆ. ಇಂಗ್ಲಿಷಿನ ವಿ ಥರ ಗೆರೆ ಬರುತ್ತೆ (2ನೇ ಸ್ಲೈಡ್), ತಳದಲ್ಲಿರೋದೇ ಫೋಕಸ್. ಉಷ್ಣಾಂಶ ಇಳಿದಾಗ, ಫಿಲ್ಟರ್ ಬದಲಾದಾಗ ಮತ್ತೆ ಅದೇ ಕೆಲಸ. ಇದನ್ನ ಮಾಡೋ 'ನೀನಾ' ಉಚಿತವಾಗೇ ಸಿಗುತ್ತೆ. ಯಾವ ನೀಹಾರಿಕೆ, ಎಷ್ಟು ಎಕ್ಸ್‌ಪೋಷರ್, ಆಮೇಲೆ ಬಣ್ಣ ಹೇಗೆ, ಎಲ್ಲ ಇನ್ನೂ ನಮ್ಮ ತಲೆನೋವೇ.

ಲಡಾಖಿನ ಹಾನ್ಲೆಯಲ್ಲಿರೋ 2 ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನ ನಮ್ಮ ಹೊಸಕೋಟೆಯಲ್ಲಿ ಕೂತು ನಡೆಸ್ತಾರೆ. ಅದನ್ನ ಯಾರಾದ್ರೂ ಮೋಸ ಅಂದ್ರಾ? ಹವ್ಯಾಸಿಗಳಿಗೆ ಮಾತ್ರ ಯಾಕೆ ಈ ಮಡಿ?

ಮೋಟಾರ್ ಹಾಕಿದ್ರೆ ಎಲ್ಲ ಸರಿಹೋಗುತ್ತೆ ಅಂತ ಮಾರೋರ ಮಾತೂ ನಂಬಬೇಡಿ. ಫೋಕಸರ್ ಸಡಿಲ ಇದ್ರೆ, ಗೇರಲ್ಲಿ ಪ್ಲೇ ಇದ್ರೆ, ಅಳೆಯೋವಾಗಲೇ ಮೋಡ ಅಡ್ಡ ಬಂದ್ರೆ, ಅದು ಧೈರ್ಯವಾಗಿ ತಪ್ಪು ಜಾಗಕ್ಕೇ ಹೋಗಿ ನಿಲ್ಲುತ್ತೆ.

ಇನ್ನು 'ದುಡ್ಡಿರೋರ ಆಟ' ಅನ್ನೋದು. ಆ ಹುಡುಗಿಯ ಮೋಟಾರ್ ಎಸ್‌ಪಿ ರೋಡಲ್ಲಿ ತಗೊಂಡ ಪುಟಾಣಿ ಸ್ಟೆಪರ್, ಒಂದು ಆರ್ಡುಯಿನೋ ನ್ಯಾನೋ, ಒಂದು ಬೆಲ್ಟ್. ಸೋಲ್ಡರಿಂಗ್ ಅವಳದೇ. ಗುಂಡಿಯ ಒಂದು ಸುತ್ತಿಗೆ ಎಷ್ಟು ಮೈಕ್ರಾನ್ ಅಂತ ಅಲ್ಲಿದ್ದೋರಲ್ಲಿ ಅವಳಿಗೊಬ್ಬಳಿಗೇ ಗೊತ್ತಿತ್ತು.

ನಮಗೆ ಸಿಗೋ ರಾತ್ರಿಗಳೇ ಎಷ್ಟು? ಜೂನ್‌ನಿಂದ ಸೆಪ್ಟೆಂಬರ್ ಮಳೆ, ಅಕ್ಟೋಬರಲ್ಲೂ ನಂಬಿಕೆ ಇಲ್ಲ. ಉಳಿದ ತಿಂಗಳಲ್ಲಿ ಅಮಾವಾಸ್ಯೆ ವಾರಾಂತ್ಯಕ್ಕೆ ಬೀಳಬೇಕು, ಆಫೀಸಲ್ಲಿ ರಜೆ ಕೊಡಬೇಕು.

3ನೇ ಸ್ಲೈಡ್ ನನ್ನದು. ಅವತ್ತು 11ರಿಂದ 2ರ ತನಕ 5 ನಿಮಿಷದ 36 ಫ್ರೇಮ್, ನಕ್ಷತ್ರಗಳೆಲ್ಲ ಉದ್ದಿನವಡೆ. ಕೈಯಲ್ಲೇ ಫೋಕಸ್ ಮಾಡಿದ್ದೆ, ಆಮೇಲೆ ಎದ್ದು ನೋಡಲಿಲ್ಲ, ಚಳಿ. 4ನೇದು ಅವಳದು, ಕೇಳಿಯೇ ಹಾಕಿದ್ದೀನಿ. ಅವತ್ತು ನಕ್ಕಿದ್ದಕ್ಕೆ ಕ್ಷಮಿಸಮ್ಮ.

ಭಾಗ 10: ಗೇರಿನ ಪ್ಲೇ ಅಳೆಯೋದು ಹೇಗೆ. ಅವಳೇ ಬರೀತಾಳೆ.

#ರಾತ್ರಿಆಕಾಶ #ಕನ್ನಡದಲ್ಲಿಖಗೋಳ