ಸುಟ್ಟ ಬೋರ್ಡು ತಾಲೂಕಿನಲ್ಲೇ ರಿಪೇರಿಯಾಗಲಿ

ಅಡ್ಡಮಳೆಯ ದಿನಗಳು ಬಂದವೆಂದರೆ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ: ‘ಬೋರ್ಡ್ ಹೋಗೇತ್ರಿ.’ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಂದಿಗೆ ಸುರಿದುಹೋದ ಮಳೆಯ ಮರುದಿನ ನವಲಗುಂದದಲ್ಲೋ ಕುಂದಗೋಳದಲ್ಲೋ ಯಾರದೋ ಮನೆಯ ವಾಷಿಂಗ್ ಮಷಿನ್ ದೀಪ ಹತ್ತುವುದಿಲ್ಲ, ಫ್ರಿಜ್ ತಣ್ಣಗಾಗುವುದಿಲ್ಲ, ಇನ್ವರ್ಟರ್ ಕೂಗುತ್ತಲೇ ಇರುತ್ತದೆ. ಹುಬ್ಬಳ್ಳಿಯಿಂದ ಕಂಪನಿಯ ಹುಡುಗ ಬಂದು ಮುಚ್ಚಳ ತೆಗೆದು ನೋಡುತ್ತಾನೆ. ಹೊಸ ಬೋರ್ಡಿಗೆ ಇಷ್ಟು ಸಾವಿರ, ಬಂದುಹೋದದ್ದಕ್ಕೆ ಬೇರೆ. ಮಷಿನ್ ಹಳೆಯದಾಗಿದ್ದರೆ ಮಾತು ಇನ್ನೂ ಚಿಕ್ಕದು: ‘ಈ ಮಾಡೆಲ್ಲಿನ ಬೋರ್ಡ್ ಈಗ ಬರೂದಿಲ್ರಿ, ಹೊಸಾ ಮಷಿನ್ನ ತಗೋರಿ.’

ಬಹಳ ಸಲ ಇವೆರಡೂ ಬೇಕಾಗಿರುವುದಿಲ್ಲ. ಸುಟ್ಟಿರುವುದು ಬೋರ್ಡಿನ ಮೇಲಿನ ಒಂದೆರಡು ಬಿಡಿಭಾಗ. ಅವನ್ನು ಬದಲಿಸುವ ಕೈಗಳು ಅಣ್ಣಿಗೇರಿಯಲ್ಲೂ ಕಲಘಟಗಿಯಲ್ಲೂ ಇವೆ. ಆ ಕೈಗಳಿಗೆ ಬೇಕಾದ ನಕ್ಷೆ, ಬಿಡಿಭಾಗ, ತರಬೇತಿ ಮೂರನ್ನೂ ತಲುಪಿಸದೆ ಬೋರ್ಡನ್ನೇ ಬದಲಿಸಿ ಎನ್ನುವ ಪದ್ಧತಿ ಹಳ್ಳಿಯ ಮನೆಗಳ ಮೇಲೆ ಅನ್ಯಾಯದ ಖರ್ಚು ಹೇರುತ್ತಿದೆ.

ಖರ್ಚು ಯಾರ ಮೇಲೆ ಬೀಳುತ್ತಿದೆ ಎಂಬುದನ್ನು ನೋಡಬೇಕು. 2023ರ ಜುಲೈಯಿಂದ ಗೃಹಜ್ಯೋತಿಯಡಿ ತಿಂಗಳಿಗೆ 200 ಯೂನಿಟ್ ಮೀರದ ಮನೆಗಳಿಗೆ, ಅವು ಮೊದಲು ಬಳಸುತ್ತಿದ್ದ ಸರಾಸರಿಯ ಲೆಕ್ಕದ ಮೇಲೆ, ವಿದ್ಯುತ್ ಉಚಿತವಾಯಿತು. ಅದೇ ಆಗಸ್ಟ್ ಕೊನೆಗೆ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡುವ ಗೃಹಲಕ್ಷ್ಮಿ ಶುರುವಾಯಿತು. ಆ ಹಣ ಕೂಡಿಸಿ ಫ್ರಿಜ್ಜು, ಹೊಲಿಗೆ ಯಂತ್ರ ಕೊಂಡ ಹೆಣ್ಣುಮಕ್ಕಳ ಸುದ್ದಿ ಉತ್ತರ ಕರ್ನಾಟಕದ ಪತ್ರಿಕೆಗಳಲ್ಲಿ ಬಂದಿದೆ. ನಾಲ್ಕು ಸಾವಿರದ ಬೋರ್ಡು ಎಂದರೆ ಅಂಥ ಮನೆಯಲ್ಲಿ ಎರಡು ತಿಂಗಳ ಗೃಹಲಕ್ಷ್ಮಿ ಪೂರಾ ಹೋದಂತೆ. ದಿನವಿಡೀ ಹೊಲದಲ್ಲಿ ಕಳೆ ತೆಗೆದು ಬಂದು ಮತ್ತೆ ಬಟ್ಟೆ ಕುಕ್ಕುವ ದುಡಿಮೆ ತಪ್ಪಲಿ ಎಂದು ಕೊಂಡ ಮಷಿನ್ ಅದು.

ಬೋರ್ಡ್ ಸುಡುವುದೇಕೆ? ಕಾರಣ ಹುಡುಕುತ್ತ ಹೋದರೆ ಮೊದಲು ಸಿಗುವುದು ಕಂಬದ ಮೇಲಿನ ತಂತಿ. ಟೀಸಿ ಎನ್ನುವ ಟ್ರಾನ್ಸ್‌ಫಾರ್ಮರಿನಿಂದ ಊರೊಳಗೆ ಬರುವ ಲೈನಿನಲ್ಲಿ ಮೂರು ಫೇಸ್, ಒಂದು ನ್ಯೂಟ್ರಲ್. ಮನೆಮನೆಗೆ ಒಂದೊಂದು ಫೇಸ್ ಹಂಚಿಕೆಯಾಗುತ್ತದೆ. ನ್ಯೂಟ್ರಲ್ ಮಾತ್ರ ಎಲ್ಲರಿಗೂ ಒಂದೇ. ಎಲ್ಲ ನೆಟ್ಟಗಿದ್ದಾಗ ಮನೆಗೆ ಬರುವುದು 230 ವೋಲ್ಟ್. ಗಾಳಿಗೆ ಟೊಂಗೆ ಬಿದ್ದು ನ್ಯೂಟ್ರಲ್ ಹರಿದರೆ, ಅಥವಾ ಅದರ ಜೋಡಣೆ ಸವೆದು ಸಡಿಲಾದರೆ, ಎರಡು ಫೇಸುಗಳ ನಡುವಿನ 400 ವೋಲ್ಟ್ ಆ ಮನೆಗಳ ನಡುವೆ ಹಂಚಿಕೊಳ್ಳತೊಡಗುತ್ತದೆ. ಹಂಚಿಕೆ ಸಮಪಾಲಿನದಲ್ಲ. ಹೆಚ್ಚು ಉಪಕರಣ ಓಡುತ್ತಿರುವ ಮನೆಯಲ್ಲಿ ಬಲ್ಬ್ ಮಂಕಾಗುತ್ತದೆ, ಕಡಿಮೆ ಇರುವ ಮನೆಯಲ್ಲಿ ಝಗ್ಗೆಂದು ಉರಿಯುತ್ತದೆ. ಬಲ್ಬ್ ಹಾಗೆ ಝಗ್ಗೆಂದ ಮನೆಯಲ್ಲಿ ಬೋರ್ಡುಗಳು ಸಾಲಾಗಿ ಹೋಗುತ್ತವೆ. ‘ಸ್ಟೆಬಿಲೈಸರ್ ಬೇಡ’ ಎಂದು ಮಷಿನ್ ಮೇಲೆ ಅಂಟಿಸಿದ ಚೀಟಿಯ ಭರವಸೆಗೆ ಒಂದು ಮಿತಿ ಇದೆ, 400 ವೋಲ್ಟ್ ಆ ಮಿತಿಯಾಚೆಗಿನದು.

ಎರಡನೆಯದು ಅರ್ಥಿಂಗ್. ಎಷ್ಟೋ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯ ತೂತಿಗೆ ತಂತಿಯೇ ಇರುವುದಿಲ್ಲ. ತಂತಿ ಇದ್ದರೂ ನವಲಗುಂದ, ಅಣ್ಣಿಗೇರಿ ಕಡೆಯ ಎರಿಮಣ್ಣು ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನೆಲದಲ್ಲಿ ಹೂತ ಪೈಪಿಗೂ ಮಣ್ಣಿಗೂ ಸಂಬಂಧ ಕಳಚುತ್ತದೆ. ಸಿಡಿಲಿನ ಮಳೆ ಬರುವುದೂ ಆ ದಿನಗಳಲ್ಲೇ. ವಾಷಿಂಗ್ ಮಷಿನ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಮನೆಯವರು ಹೇಳುವುದು ಬಹುತೇಕ ಇದೇ ಕಾರಣಕ್ಕೆ. ಬೋರ್ಡಿನ ಫಿಲ್ಟರ್ ಭಾಗದ ಪುಟ್ಟ ಕಂಡೆನ್ಸರುಗಳು ಸೋರಿಕೆಯ ಕರೆಂಟನ್ನು ಅರ್ಥಿಗೆ ಕಳಿಸಬೇಕು. ಅರ್ಥ್ ಇಲ್ಲದಿದ್ದರೆ ಅದು ತಗಡಿನ ಮೈಮೇಲೆ ನಿಲ್ಲುತ್ತದೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನಾಲ್ಕು ಕೊಡ ನೀರು ಹಾಕುವ ಹಿರಿಯರ ರೂಢಿ ಬಿಡಬಾರದಂಥದ್ದು.

ಇನ್ನು ರಿಪೇರಿ ಟೇಬಲ್ಲಿಗೆ ಬರೋಣ. ಬೋರ್ಡಿನಲ್ಲಿ ಕರೆಂಟ್ ಒಳಬರುವ ಮೂಲೆಯಲ್ಲಿ ಒಂದು ಫ್ಯೂಸ್, ಅದರ ಪಕ್ಕ ನೀಲಿ ಬಿಲ್ಲೆಯಂಥ ವೇರಿಸ್ಟರ್ ಇರುತ್ತದೆ. ಮೆಕ್ಯಾನಿಕರ ಬಾಯಲ್ಲಿ ಅದು ಎಂಒವಿ. ವೋಲ್ಟೇಜ್ ಮಿತಿ ಮೀರಿದ ಕ್ಷಣ ಅದು ತಾನು ಶಾರ್ಟ್ ಆಗಿ ಫ್ಯೂಸನ್ನು ಸುಡಿಸುತ್ತದೆ, ಹಿಂದಿನ ಭಾಗಗಳನ್ನು ಉಳಿಸುತ್ತದೆ. ಅದನ್ನು ಅಲ್ಲಿ ಇಟ್ಟಿರುವುದೇ ಈ ಕೆಲಸಕ್ಕೆ. ಎಂಒವಿ ಸಿಡಿದು ಕಪ್ಪಾದ ಬೋರ್ಡ್ ನೋಡಿ ಮನೆಯವರು ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಹುಷಾರಿ ಮೆಕ್ಯಾನಿಕ್ ಅದನ್ನು ಕಂಡು ಸಮಾಧಾನಪಡುತ್ತಾನೆ. ಎರಡೂ ಭಾಗ ಸೇರಿ ಕೆಲವೇ ರೂಪಾಯಿಯ ಮಾಲು. ಮುಂದಿನದು ಉಬ್ಬಿದ ಕಂಡೆನ್ಸರ್, ಕಾಂಟ್ಯಾಕ್ಟ್ ಅಂಟಿಕೊಂಡ ರಿಲೇ, 5 ವೋಲ್ಟ್ 12 ವೋಲ್ಟ್ ತಯಾರಿಸುವ ಸಪ್ಲೈ ಐಸಿ, ಬಿಟ್ಟುಹೋದ ಬೆಸುಗೆ. ಬೆಚ್ಚಗಿನ ಜಾಗ ಹುಡುಕಿ ಬೋರ್ಡ್ ಮೇಲೆ ಹರಿದಾಡಿ ಸತ್ತ ಹಲ್ಲಿಯೂ ಅಪರೂಪವಲ್ಲ. ಪ್ರೋಗ್ರಾಂ ತುಂಬಿದ ದೊಡ್ಡ ಐಸಿ ಹೋಗಿದ್ದರೆ ಮಾತ್ರ ಸ್ಥಳೀಯ ಕೈಗೆ ದಾರಿ ಮುಚ್ಚುತ್ತದೆ.

ಭಾಗ ಬದಲಿಸಿದ ಮೇಲೆ ಮೆಕ್ಯಾನಿಕ್ ಬೋರ್ಡನ್ನು ಸೀದಾ ಕರೆಂಟಿಗೆ ಕೊಡುವುದಿಲ್ಲ. ಒಂದು ಹಳೆಯ 60 ಅಥವಾ 100 ವ್ಯಾಟಿನ ಬಲ್ಬನ್ನು ಸೀರೀಸಿನಲ್ಲಿ ಸೇರಿಸಿ ಸ್ವಿಚ್ ಒತ್ತುತ್ತಾನೆ. ಬಲ್ಬ್ ಪೂರ್ತಿ ಉರಿದರೆ ಒಳಗೆ ಇನ್ನೂ ಶಾರ್ಟ್ ಇದೆ. ಒಮ್ಮೆ ಮಿಂಚಿ ಮಂದವಾದರೆ ಬೋರ್ಡ್ ಬದುಕಿದೆ. ಬಲ್ಬೇ ಕರೆಂಟನ್ನು ತಡೆದುಕೊಳ್ಳುವುದರಿಂದ ಹೊಸದಾಗಿ ಹಾಕಿದ ಭಾಗ ಮತ್ತೆ ಸುಡುವುದಿಲ್ಲ. ಎಲ್ಲೆಡೆಯ ಎಲೆಕ್ಟ್ರಾನಿಕ್ಸ್ ರಿಪೇರಿಯವರು ನೆಚ್ಚಿಕೊಂಡ ಉಪಾಯ ಇದು. ಮನೆಯಲ್ಲಿ ಯಾರೂ ಇದನ್ನು ಅನುಕರಿಸಬಾರದು. ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರಿನಲ್ಲಿ 325 ವೋಲ್ಟಿನಷ್ಟು ನಿಂತಿರಬಹುದು. ಅನೇಕ ವಾಷಿಂಗ್ ಮಷಿನ್ ಬೋರ್ಡುಗಳಲ್ಲಿ 5 ವೋಲ್ಟಿನ ಗೆರೆಯೂ ನೇರ ಮೇನ್ಸಿಗೆ ಜೋಡಣೆಯಾಗಿರುತ್ತದೆ; ಐದೇ ವೋಲ್ಟ್ ಎಂದು ಮುಟ್ಟಿದರೆ ಜೀವಕ್ಕೆ ಅಪಾಯ.

ಬೋರ್ಡ್ ಬದಲಿಸುವ ಪದ್ಧತಿಯ ದೊಡ್ಡ ದೋಷ ದುಡ್ಡಿನದಲ್ಲ, ಕಾರಣ ಹುಡುಕದಿರುವುದು. ಡ್ರೈನ್ ಪಂಪಿನ ಕಾಯಿಲ್ ಶಾರ್ಟ್ ಆಗಿದ್ದರೆ ಅದನ್ನು ಓಡಿಸುವ ಟ್ರಯಾಕ್ ಸುಡುತ್ತದೆ. ಗಡಸು ನೀರಿನಿಂದ ಸುಣ್ಣ ಕಟ್ಟಿದ ಹೀಟರ್ ಒಡೆದು ಶಾರ್ಟ್ ಆದರೆ ರಿಲೇ ಸುಡುತ್ತದೆ. ಬೋರ್‌ವೆಲ್ ನೀರು ಉಪ್ಪಾಗಿರುವ ನವಲಗುಂದ ಸೀಮೆಯಲ್ಲಿ ಇದನ್ನು ಮೊದಲೇ ನೋಡಬೇಕು. ಪಂಪ್, ಹೀಟರ್ ಪರೀಕ್ಷಿಸದೆ ಹೊಸ ಬೋರ್ಡ್ ಕೂರಿಸಿದರೆ ಅದೂ ಸುಡುತ್ತದೆ, ದಂಡ ಮತ್ತೆ ಮನೆಯವರಿಗೆ. ಕೆಲವೊಮ್ಮೆ ಬೋರ್ಡ್ ಕೆಟ್ಟೇ ಇರುವುದಿಲ್ಲ. ಬಾಗಿಲಿನ ಸ್ವಿಚ್ಚೋ ಇಲಿ ಕಡಿದ ವೈರೋ ಕಾರಣವಾಗಿರುತ್ತದೆ. ಇದರಲ್ಲಿ ಕಂಪನಿಯ ಹುಡುಗನನ್ನು ದೂರಿ ಪ್ರಯೋಜನವಿಲ್ಲ. ದಿನಕ್ಕೆ ಹಲವು ಊರು ಮುಗಿಸಬೇಕಾದ ಅವನ ಚೀಲದಲ್ಲಿ ಬದಲಿಸುವ ಸಾಮಾನು ಇರುತ್ತದೆ, ಬೆಸುಗೆಯ ಸಾಮಾನು ಇರುವುದಿಲ್ಲ. ಅವನಿಗೆ ಕಲಿಸಿರುವುದೂ ಅಷ್ಟೇ.

ಸ್ಥಳೀಯ ಮೆಕ್ಯಾನಿಕನ ಕಷ್ಟ ಬೇರೆ. ತೇವ ತಾಗದಿರಲೆಂದು ಕಂಪನಿಗಳು ಬೋರ್ಡಿನ ಮೇಲೆ ದಪ್ಪನೆಯ ಜೆಲ್ ಸುರಿದಿರುತ್ತವೆ. ಬಚ್ಚಲಲ್ಲಿ ನಿಲ್ಲುವ ಯಂತ್ರಕ್ಕೆ ಅದು ಅಗತ್ಯವೇ. ಆದರೆ ಅದನ್ನು ಬಿಸಿ ಮಾಡಿ, ಗೀರಿ, ಕೆಳಗಿನ ಭಾಗ ಯಾವುದೆಂದು ಊಹಿಸಬೇಕು, ಏಕೆಂದರೆ ಸರ್ಕ್ಯೂಟ್ ನಕ್ಷೆ ಅವನ ಕೈಗೆ ಸಿಗುವುದಿಲ್ಲ. ವಾಟ್ಸಾಪ್ ಗುಂಪುಗಳಲ್ಲಿ ಫೋಟೊ ಹಾಕಿ, ‘ಈ ಜಾಗದಾಗ ಯಾವ ನಂಬರ್ ಐಸಿ ಐತ್ರಿ?’ ಎಂದು ಬೇರೆ ಊರಿನ ಮೆಕ್ಯಾನಿಕನನ್ನು ಕೇಳಿ ಕೆಲಸ ಮುಗಿಸಬೇಕು.

ಹೀಗೆಯೇ ಇರಬೇಕೆಂದೇನೂ ಇಲ್ಲ. ಅಮೆರಿಕ, ಕೆನಡಾದ ಚಳಿನಾಡುಗಳ ಮನೆಗಳಲ್ಲಿ ಗಾಳಿ ಕಾಯಿಸಿ ಕೋಣೆಕೋಣೆಗೆ ಕಳಿಸುವ ಫರ್ನೇಸ್ ಇರುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರಿಗೆ ಅದರ ಕಂಟ್ರೋಲ್ ಬೋರ್ಡ್ ನಡುಚಳಿಯಲ್ಲಿ ಕೈಕೊಟ್ಟಾಗಿನ ಪಾಡು ಗೊತ್ತು. ಆದರೆ ಆ ಫರ್ನೇಸಿನ ಬಾಗಿಲ ಒಳಬದಿಗೆ ವೈರಿಂಗ್ ನಕ್ಷೆ ಅಂಟಿಸಿರುತ್ತಾರೆ. ಬೋರ್ಡಿನ ದೀಪ ಎಷ್ಟು ಸಲ ಮಿಣುಕಿದರೆ ಯಾವ ದೋಷ ಎಂಬ ಪಟ್ಟಿಯೂ ಅಲ್ಲೇ ಇರುತ್ತದೆ. ಹಲವು ಮಾಡೆಲ್ಲಿಗೆ ಹೊಂದುವ ಯೂನಿವರ್ಸಲ್ ಬೋರ್ಡುಗಳು ಅಂಗಡಿಯಲ್ಲಿ ಸಿಗುತ್ತವೆ. ಯುರೋಪಿನಲ್ಲಿ 2021ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮದಂತೆ ವಾಷಿಂಗ್ ಮಷಿನ್ ತಯಾರಕರು ಒಂದು ಮಾಡೆಲ್ಲಿನ ಮಾರಾಟ ನಿಂತ ಮೇಲೂ ಕನಿಷ್ಠ 10 ವರ್ಷ ಅದರ ಮುಖ್ಯ ಬಿಡಿಭಾಗಗಳನ್ನು ಒದಗಿಸಬೇಕು. ವೃತ್ತಿನಿರತ ಮೆಕ್ಯಾನಿಕರಿಗೆ ಕೊಡಬೇಕಾದ ಪಟ್ಟಿಯಲ್ಲಿ ಸರ್ಕ್ಯೂಟ್ ಬೋರ್ಡೂ ಇದೆ.

ನಮ್ಮಲ್ಲೂ ಅಡಿಪಾಯ ಬಿದ್ದಿದೆ. ಬಿಡಿಭಾಗಗಳನ್ನು ಹೊರಗಿನ ಮೆಕ್ಯಾನಿಕರಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿ ಹೋದವು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿತು, ಅದೇ ಡಿಸೆಂಬರ್ 24ರಂದು ಪೋರ್ಟಲ್ ತೆರೆಯಿತು. ಮೊಬೈಲ್, ವಾಹನಗಳ ಜೊತೆ ಗೃಹೋಪಯೋಗಿ ವಸ್ತುಗಳೂ ಕೃಷಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಪೋರ್ಟಲ್ಲಿಗೆ ಸೇರುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು. ರಿಪೇರಿ ಎಷ್ಟು ಸುಲಭ ಎಂದು ಅಂಕ ಕೊಡುವ ಸೂಚ್ಯಂಕದ ವರದಿ 2025ರ ಮೇನಲ್ಲಿ ಸರ್ಕಾರದ ಕೈಸೇರಿದ್ದು, ಅದರಲ್ಲಿ ಮೊದಲ ಸರದಿ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳದು. ಹಳ್ಳಿಯ ಮಟ್ಟಿಗೆ ಸರದಿ ತಿರುವುಮುರುವಾಗಬೇಕಿತ್ತು. ಮೊಬೈಲ್ ರಿಪೇರಿಯ ಅಂಗಡಿ ಪ್ರತಿ ಸಂತೆಯಲ್ಲೂ ಸಿಗುತ್ತದೆ. ಸಿಗದಿರುವುದು ಫ್ರಿಜ್ಜಿನ ಬೋರ್ಡ್, ಮೋಟಾರ್ ಸ್ಟಾರ್ಟರಿನ ಬೋರ್ಡ್.

ಸ್ಟಾರ್ಟರಿನ ವಿಚಾರವಂತೂ ಇನ್ನೂ ಗಂಭೀರ. ಬೋರ್‌ವೆಲ್ ನಂಬಿದ ಕಲಘಟಗಿ ಕಡೆಯ ಹೊಲದಲ್ಲಿ ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ತಾಸು ತ್ರೀ ಫೇಸ್ ಸಿಗಬೇಕು. ಆ ಏಳು ತಾಸಿನಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಬೋರ್ಡ್ ಕೆಟ್ಟು ನಿಂತರೆ ಬೆಳೆ ಕಾಯುವುದಿಲ್ಲ. ಆಗ ಬೋರ್ಡನ್ನು ಬೈಪಾಸ್ ಮಾಡಿ ಮೋಟಾರನ್ನು ‘ಡೈರೆಕ್ಟ್’ ಹಚ್ಚುತ್ತಾರೆ. ಒಂದು ಫೇಸ್ ತಪ್ಪಿದಾಗ, ಬಾವಿಯಲ್ಲಿ ನೀರು ಇಳಿದಾಗ ಮೋಟಾರ್ ನಿಲ್ಲಿಸುವ ಕಾವಲು ಅಲ್ಲಿಗೆ ಮುಗಿಯಿತು. ವೈಂಡಿಂಗ್ ಸುಟ್ಟರೆ ಕೊಳವೆಯಿಂದ ಪೈಪು ಎತ್ತುವುದು, ಮೋಟಾರ್ ರಿವೈಂಡಿಂಗ್, ಮತ್ತೆ ಇಳಿಸುವುದು. ಒಂದು ರಿಲೇ ಬದಲಿಸುವ ಕೆಲಸ ತಾಲೂಕಿನಲ್ಲಿ ಅದೇ ದಿನ ಆಗಿದ್ದರೆ ಇಷ್ಟೆಲ್ಲ ತಪ್ಪುತ್ತಿತ್ತು.

ತಾಲೂಕಿನಲ್ಲಿ ಆಗಿಸುವುದಕ್ಕೆ ಹೊಸ ಸಂಸ್ಥೆ ಕಟ್ಟಬೇಕಿಲ್ಲ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೆ ಏರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಯೋಜನೆಯ ವೆಚ್ಚ 4,700 ಕೋಟಿಗೂ ಮೇಲೆ. ರೊಬೊಟಿಕ್ಸ್ ಕಲಿಸಲು ಸಜ್ಜಾದ ಸಂಸ್ಥೆಗೆ ಒಂದು ಬೋರ್ಡ್ ರಿಪೇರಿ ಟೇಬಲ್ ಭಾರವಲ್ಲ. ಸಂಜೆ ಹೊತ್ತು ಅದನ್ನು ಊರಿನ ಮೆಕ್ಯಾನಿಕರಿಗೆ ತೆರೆದಿಟ್ಟು, ಜೆಲ್ ತೆಗೆಯುವ ಕ್ರಮ, ಇನ್ವರ್ಟರ್ ಮೋಟಾರಿನ ಡ್ರೈವ್ ಪರೀಕ್ಷೆ, ಸುರಕ್ಷತೆ ಕಲಿಸಬಹುದು. ಕಲಿತವರಿಗೆ ಒಂದು ಪ್ರಮಾಣಪತ್ರ ಇದ್ದರೆ, ‘ಹೊರಗಿನವರು ಮುಟ್ಟಿದರೆ ಅಪಾಯ’ ಎನ್ನುವ ಕಂಪನಿಗಳ ವಾದಕ್ಕೂ ಉತ್ತರ ಸಿಗುತ್ತದೆ. ವಿದ್ಯುತ್ ಕಂಪನಿಯು ಯುಗಾದಿಗೆ ಮುಂಚೆಯೇ ಪ್ರತಿ ಟೀಸಿಯ ನ್ಯೂಟ್ರಲ್ ಜೋಡಣೆ, ಅರ್ಥಿಂಗ್ ಪರೀಕ್ಷಿಸಬೇಕು. ನ್ಯೂಟ್ರಲ್ ಹರಿದು ಒಂದು ಓಣಿಯ ಬೋರ್ಡುಗಳು ಸುಟ್ಟಾಗ ಲೈನ್‌ಮನ್ ಅದನ್ನು ಬರೆದುಕೊಳ್ಳಬೇಕು, ನಷ್ಟದ ಒಂದು ಪಾಲನ್ನು ಕಂಪನಿ ಹೊರಬೇಕು.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದೂ ಉಂಟು. ಮೀಟರಿನ ನಂತರ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಕೂರಿಸಿದರೆ ನ್ಯೂಟ್ರಲ್ ಹರಿದಾಗ ಅದು ಕರೆಂಟನ್ನು ಕಡಿಯುತ್ತದೆ. ಬೋರ್ಡ್ ಹೋಗಿದೆ ಎಂದವರನ್ನು ಯಾವ ಭಾಗ ಹೋಗಿದೆ, ಏಕೆ ಹೋಗಿದೆ ಎಂದು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ವಾರಂಟಿ ಮುಗಿದ ಮಷಿನ್ನಿನ ಹಳೆಯ ಬೋರ್ಡ್ ದುಡ್ಡು ಕೊಟ್ಟು ಕೊಂಡವರ ಸ್ವತ್ತು, ಅದನ್ನು ಕೇಳಿ ಇಟ್ಟುಕೊಳ್ಳಬೇಕು. ಬಿಡಿಭಾಗವನ್ನೇ ಕೊಡೆವು ಎನ್ನುವ ಕಂಪನಿಯ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ದೂರು ಬರೆಸಬಹುದು.