ಹೊಗೆ ಹೋಗುತ್ತೆ, ಲೋಹ ಉಳಿಯುತ್ತೆ

ಬಸ್ ಸ್ಟ್ಯಾಂಡಿನಲ್ಲಿ ‘ಧೂಮಪಾನ ನಿಷೇಧಿಸಿದೆ’ ಎಂಬ ಬೋರ್ಡಿನ ಕೆಳಗೇ ನಿಂತು ಸಿಗರೇಟು ಹಚ್ಚುವವರಿಗೆ ಮೈಸೂರು ಜಿಲ್ಲೆಯಲ್ಲಿ ಬರವಿಲ್ಲ. ಕೇಳಿದರೆ, ‘ಬಸ್ಸು ಬರೋದ್ರೊಳಗೆ ಒಂದು ದಮ್ಮು, ಅಷ್ಟೇ ಸ್ವಾಮಿ’ ಅಂತಾರೆ. ಬಸ್ಸು ಬರುತ್ತದೆ, ಹೊಗೆ ಚದುರುತ್ತದೆ, ಅಲ್ಲಿಗೆ ಮುಗಿಯಿತೆಂದು ಎಲ್ಲರ ಲೆಕ್ಕ. ಆದರೆ ಮುಗಿಯುವುದಿಲ್ಲ.

ನಿಕೋಟಿನ್, ಟಾರು ಇವುಗಳ ಹೆಸರು ಸೇದುವವರಿಗೆಲ್ಲ ಗೊತ್ತು. ಅದೇ ಹೊಗೆಯ ಜೊತೆ ಕ್ಯಾಡ್ಮಿಯಂ, ಸೀಸ, ಪಾಷಾಣದ ಆರ್ಸೆನಿಕ್ ಕೂಡ ಒಳಗೆ ಇಳಿಯುತ್ತವೆಂದು ಹೇಳುವವರು ಕಡಿಮೆ.

ಮಣ್ಣಿನಿಂದ ಎಲೆಗೆ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ಹೊಗೆಸೊಪ್ಪಿನ ಬೆಳೆ, ಬ್ಯಾರನ್ನು, ಹರಾಜು ಎಲ್ಲ ಗೊತ್ತಿರುವ ಸಂಗತಿ. ಆದರೆ ಈ ಗಿಡಕ್ಕೆ ಇನ್ನೊಂದು ಗುಣವಿದೆ. ಮಣ್ಣಿನಲ್ಲಿ ಕ್ಯಾಡ್ಮಿಯಂ ಎಷ್ಟು ಕಡಿಮೆಯಿದ್ದರೂ ಬೇರಿನಿಂದ ಎಳೆದು ಎಲೆಯಲ್ಲಿ ಕೂಡಿಡುತ್ತದೆ. ರಂಜಕದ ಗೊಬ್ಬರದಲ್ಲೂ ಈ ಲೋಹ ಒಂದಿಷ್ಟು ಬರುತ್ತದೆ. ಇದರಲ್ಲಿ ರೈತನ ಮೋಸವಿಲ್ಲ; ಎಲ್ಲ ದೇಶದ ತಂಬಾಕಿನ ಕಥೆಯೂ ಇದೇ.

ಒಂದು ಸಿಗರೇಟಿನಲ್ಲಿ ಸುಮಾರು 1ರಿಂದ 2 ಮೈಕ್ರೋಗ್ರಾಂ ಕ್ಯಾಡ್ಮಿಯಂ ಇರುತ್ತದೆ. ಮೈಕ್ರೋಗ್ರಾಂ ಎಂದರೆ ಗ್ರಾಮಿನ 10 ಲಕ್ಷದಲ್ಲಿ ಒಂದು ಪಾಲು. ಇಷ್ಟಕ್ಕೇ ಇಷ್ಟು ಗಲಾಟೆಯೇ ಎಂದು ನಗುವವರು ಇನ್ನೊಂದು ಮಾತು ಕೇಳಬೇಕು. ದಮ್ಮು ಎಳೆದಾಗ ಕೆಂಡದ ಬಿಸಿ 900 ಡಿಗ್ರಿ ಆಸುಪಾಸು ಹೋಗುತ್ತದೆ. ಕ್ಯಾಡ್ಮಿಯಂ ಸುಮಾರು 767 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಅದರಲ್ಲೊಂದು ಪಾಲು ಹೊಗೆಯ ಕಣಕ್ಕೆ ಅಂಟಿಕೊಂಡು ಶ್ವಾಸಕೋಶಕ್ಕೆ ಹೋಗುತ್ತದೆ. ಊಟದ ಮೂಲಕ ಹೋದ ಕ್ಯಾಡ್ಮಿಯಂನಲ್ಲಿ ಮೈಗೆ ಹತ್ತುವುದು ಸ್ವಲ್ಪವೇ. ಉಸಿರಿನ ಮೂಲಕ ಹೋದದ್ದು ಅದರ ಹಲವು ಪಟ್ಟು ರಕ್ತಕ್ಕೆ ಸೇರುತ್ತದೆ.

ತೀರದ ಸಾಲ

ಅಂಗಡಿಯವರ ಮಾತಿನಲ್ಲಿ ಹೇಳುವುದಾದರೆ ಇದು ಸಾಲದ ಪುಸ್ತಕ ಇದ್ದಂತೆ. ಬರೆಯೋದು ದಿನಾ, ವಸೂಲಿ ಮಾತ್ರ ಇಲ್ಲ. ಮೂತ್ರಪಿಂಡ ಸೇರಿದ ಕ್ಯಾಡ್ಮಿಯಂ ಅರ್ಧಕ್ಕೆ ಇಳಿಯಲು 10ರಿಂದ 30 ವರ್ಷ ಬೇಕು. ಸೇದುವವನ ಮೈಯಲ್ಲಿ ಅದು ಸೇದದವನಿಗಿಂತ ಸುಮಾರು ಎರಡು ಪಟ್ಟು. ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ, ಮೂಳೆ ಸವೆಯುತ್ತದೆ. ಕ್ಯಾನ್ಸರ್ ತರುವುದು ಖಚಿತವೆಂಬ ವಸ್ತುಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 1993ರಲ್ಲೇ ಸೇರಿಸಿತು.

ಫಿಲ್ಟರ್ ಇದೆಯಲ್ಲ ಅಂತಾರೆ. ಫಿಲ್ಟರು ಪೂರ್ತಿ ತಡೆಯುವುದಿಲ್ಲ. ಬೀಡಿಗಂತೂ ಅದೂ ಇಲ್ಲ. ಬಿಟ್ಟ ದಿನವೇ ಹೊಸ ಸಾಲ ನಿಲ್ಲುತ್ತದೆ. ಹಳೇ ಬಾಕಿ ನಿಧಾನವಾಗಿ ಇಳಿಯಬೇಕು. ಅದಕ್ಕೇ ಐವತ್ತಕ್ಕೆ ಬಿಡೋಣ ಅನ್ನುವವನಿಗಿಂತ ಇವತ್ತೇ ಬಿಟ್ಟವನು ಜಾಣ.

ಅಂಗಡಿಯವನ ಪಾಲು

ಸೇದುವವನ ಹಣೆಬರಹ ಎಂದು ಕೈತೊಳೆಯಲೂ ಬರುವುದಿಲ್ಲ. ಅವನು ಎಳೆದ ಹೊಗೆಗಿಂತ, ಉರಿಯುವ ತುದಿಯಿಂದ ಸುಮ್ಮನೆ ಏಳುವ ಹೊಗೆಯಲ್ಲೇ ಕ್ಯಾಡ್ಮಿಯಂ ಹೆಚ್ಚು. ಅದನ್ನು ಕುಡಿಯೋರು ಯಾರು? ಬೆಳಗಿನಿಂದ ರಾತ್ರಿವರೆಗೆ ಪೆಟ್ಟಿಗೆ ಅಂಗಡಿಯಲ್ಲಿ ಕೂರುವ ಯಜಮಾನ, ಬಸ್ಸಿಗೆ ಕಾಯುವ ಬಸುರಿ ಹೆಂಗಸು, ಸ್ಕೂಲು ಮಕ್ಕಳು. ಸೇದುವವರಿರುವ ಮನೆಯ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿರುವುದು ಪರೀಕ್ಷೆಗಳಲ್ಲಿ ಕಂಡಿದೆ. ಸೀಸ ಎಳೆಯ ಮಿದುಳಿಗೆ ಶತ್ರು.

ಕಾನೂನಿಗೇನೂ ಕೊರತೆಯಿಲ್ಲ. 2008ರ ಅಕ್ಟೋಬರ್ 2ರಿಂದ ದೇಶದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವಂತಿಲ್ಲ. 2025ರಲ್ಲಿ ಬಂದ ಕರ್ನಾಟಕದ ತಿದ್ದುಪಡಿ ದಂಡವನ್ನು 200 ರೂಪಾಯಿಯಿಂದ 1,000ಕ್ಕೆ ಏರಿಸಿತು. 21 ವರ್ಷ ತುಂಬದವರಿಗೆ ಮಾರಬಾರದು, ಬಿಡಿ ಸಿಗರೇಟು ಮಾರಬಾರದು ಎಂದಿತು.

ಬಿಡಿ ನಿಲ್ಲಿಸಿದರೆ ವ್ಯಾಪಾರ ಬೀಳುತ್ತೆ ಅನ್ನೋದು ಅಂಗಡಿಯವರ ಅಳಲು. ಸುಳ್ಳಲ್ಲ, ಒಂದು ಸಿಗರೇಟಿಗೆ ಬಂದವನೇ ಟೀ ಕುಡಿದು ಬಾಳೆಹಣ್ಣು ಕೊಳ್ಳೋದು. ಬಡ ಪೆಟ್ಟಿಗೆ ಅಂಗಡಿಗೆ ಮಾತ್ರ ದಂಡ ಜಡಿದು, ಬೋರ್ಡಿನ ಕೆಳಗೆ ಸೇದುವ ಗರಿಗರಿ ಬಟ್ಟೆಯವರನ್ನು ಕಂಡೂ ಕಾಣದಂತೆ ಬಿಟ್ಟರೆ ಅದು ನ್ಯಾಯವೂ ಅಲ್ಲ. ದಂಡ ಹಾಕುವುದಾದರೆ ಮೊದಲು ಸೇದುವವನಿಗೆ ಹಾಕಲಿ. ಬಸ್ಸಿನ ಹೆಸರು ಕೂಗುವ ಮೈಕಿನಲ್ಲೇ ನಿಲ್ದಾಣದವರು ದಿನಕ್ಕೆ ನಾಲ್ಕು ಸಲ ಎಚ್ಚರಿಸಲಿ.

ಅಂಗಡಿಯವರು ಕಾಸು ಖರ್ಚಿಲ್ಲದೆ ಇವತ್ತೇ ಮಾಡಬಹುದಾದ ಕೆಲಸ ಒಂದಿದೆ: ಅಂಗಡಿ ಮುಂದೆ ದಾರ ಕಟ್ಟಿ ನೇತುಹಾಕಿರುವ ಆ ಲೈಟರನ್ನು ಬಿಚ್ಚಿಡುವುದು. ಗಿರಾಕಿ ಐದು ನಿಮಿಷ ಸೇದಿ ಬಸ್ಸು ಹತ್ತುತ್ತಾನೆ. ಮುಂದಿನ ಗಿರಾಕಿಯ ಹೊಗೆಗೂ ಅಲ್ಲೇ ಕೂತಿರೋನು ಯಜಮಾನನೇ.