ಯೂರಿನ್‌ನಲ್ಲಿ ಶುಗರ್ ಬಂದಿದೆ ಅಂದ್ರೆ...

"ಮೂತ್ರದಲ್ಲಿ ಸಕ್ಕರೆ ಐತೆ ಅಂದ್ರು ಡಾಕ್ಟ್ರೇ, ಹಂಗಾದ್ರೆ ಶುಗರ್ ಕಾಯ್ಲೆ ಬಂತು ಅಂತಲೇ ಅಲ್ವಾ?" ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದ ಹೀಗೆ ಕೇಳುವವರು ಬಹಳ ಮಂದಿ. ಹೆಚ್ಚಿನ ಸಲ ಉತ್ತರ ಹೌದು. ಆದರೆ ಎಲ್ಲ ಸಲವೂ ಅಲ್ಲ.

ನಮ್ಮ ಮೂತ್ರಪಿಂಡಗಳು ರಕ್ತ ಶೋಧಿಸುವಾಗ ಗ್ಲೂಕೋಸನ್ನು ಹೊರಗೆ ಬಿಡದೆ ಮತ್ತೆ ಹೀರಿಕೊಳ್ಳುತ್ತವೆ. ಅದಕ್ಕೂ ಒಂದು ಮಿತಿ ಇದೆ. ಶ್ರೀರಂಗಪಟ್ಟಣದವರಿಗೆ ಇದನ್ನು ಹೇಳೋದು ಸುಲಭ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದ ಮೇಲೆ ಬಂದ ನೀರನ್ನು ಹೊಳೆಗೆ ಬಿಡಲೇಬೇಕಲ್ಲ, ಹಾಗೆ! ರಕ್ತದ ಗ್ಲೂಕೋಸ್ ಸುಮಾರು 180 ದಾಟಿದರೆ, ಮಿಕ್ಕಿದ್ದು ಮೂತ್ರಕ್ಕೆ ಹರಿಯುತ್ತೆ. ಇದಕ್ಕೆ ಮುಖ್ಯ ಕಾರಣ ಡಯಾಬಿಟಿಸ್.

"ನಿನ್ನೆ ಆಲೆಮನೇಲಿ ಬಿಸಿ ಬೆಲ್ಲ ತಿಂದಿದ್ದೆ, ಅದ್ಕೇ ಬಂದಿರ್ಬೇಕು" ಅನ್ನೋ ಸಮಾಧಾನ ಪಾಂಡವಪುರದ ಕಡೆ ಕೇಳಿಬರುತ್ತೆ. ಆರೋಗ್ಯವಂತರಲ್ಲಿ ಸಿಹಿ ತಿಂದರೂ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಬೆಲ್ಲದ ಮೇಲೆ ತಪ್ಪು ಹೊರಿಸಿ ಸುಮ್ಮನಾಗಬೇಡಿ.

ಬೇರೆ ಕಾರಣಗಳೂ ಇವೆ.

ಬಸುರಿಯರಲ್ಲಿ ಈ ಮಿತಿಯೇ ಇಳಿಯುತ್ತೆ. ಹಾಗಾಗಿ ರಕ್ತದಲ್ಲಿ ಸಕ್ಕರೆ ಸರಿಯಿದ್ದರೂ ಮೂತ್ರದಲ್ಲಿ ಕಾಣಬಹುದು. ಆದರೂ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ರಕ್ತ ಪರೀಕ್ಷೆ ತಪ್ಪಿಸಬಾರದು.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳ ಕೆಲಸವೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದು. ರಿಪೋರ್ಟ್ ನೋಡಿ ಗಾಬರಿಯಾಗಿ ನೀವಾಗಿಯೇ ನಿಲ್ಲಿಸಬೇಡಿ.

ಕೆಲವರಿಗೆ ಹುಟ್ಟಿನಿಂದಲೇ ಮೂತ್ರಪಿಂಡ ಸಕ್ಕರೆಯನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಇದು ವಂಶದಲ್ಲಿ ಬರುವಂಥದ್ದು, ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಅಪರೂಪಕ್ಕೆ ಮೂತ್ರಪಿಂಡದ ಕಾಯಿಲೆಯೂ ಕಾರಣವಾಗುತ್ತೆ.

ಇನ್ನೊಂದು ಮಾತು. ವಯಸ್ಸಾದವರಲ್ಲಿ ಈ ಮಿತಿ ಏರಿರಬಹುದು. ಆಗ ರಕ್ತದಲ್ಲಿ ಸಕ್ಕರೆ ಜಾಸ್ತಿಯಿದ್ದರೂ ಮೂತ್ರ 'ನಿಲ್' ಅಂತ ಬರುತ್ತೆ. ಆದ್ದರಿಂದ ಮೂತ್ರ ಪರೀಕ್ಷೆ ಒಂದನ್ನೇ ನಂಬಬೇಡಿ. ಖಾಲಿ ಹೊಟ್ಟೆಯಲ್ಲಿ 126, ಗ್ಲೂಕೋಸ್ ಕುಡಿದು ಎರಡು ಗಂಟೆಗೆ 200, ಎಚ್‌ಬಿಎ1ಸಿ 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಡಯಾಬಿಟಿಸ್. ಲಕ್ಷಣಗಳಿಲ್ಲದವರು ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ತಾಲ್ಲೂಕು ಸರ್ಕಾರಿ ಆಸ್ಪತ್ರೆಯಲ್ಲೂ ರಕ್ತ ಪರೀಕ್ಷೆ ಮಾಡುತ್ತಾರೆ.

ಕೊನೆಗೆ ಅಮ್ಮಂದಿರಿಗೆ: ಹಾಸಿಗೆ ಒದ್ದೆ ಮಾಡೋದು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ, ಪದೇ ಪದೇ ನೀರು ಕೇಳಿದರೆ, ಸೊರಗುತ್ತಿದ್ದರೆ 'ಬಿಸಿಲಿಗೆ ಹಂಗಾಗೈತೆ' ಅಂತ ಕಾಯಬೇಡಿ. ಅವತ್ತೇ ಸಕ್ಕರೆ ಪರೀಕ್ಷೆ ಮಾಡಿಸಿ. ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಮಕ್ಕಳಿಗೆ ಬರುವ ಡಯಾಬಿಟಿಸ್‌ನಲ್ಲಿ ಒಂದು ದಿನ ತಡವಾದರೂ ಜೀವಕ್ಕೆ ಕುತ್ತು.